ಬಾಡಿಗೆ ಮನೆಗೆ ಮಳೆಗಾಲದ ತಯಾರಿ: ಗೋಡೆಗೆ ಒಂದೂ ತೂತು ಹೊಡೆಯದೆ ಎಕ್ಸಾಸ್ಟ್ ಫ್ಯಾನ್

ಮನೆ ಇರುವುದು ಚಿಕ್ಕಮಗಳೂರಿನ ಬೇಲೂರು ರಸ್ತೆ ಕಡೆ, ಎರಡನೇ ಮಹಡಿಯಲ್ಲಿ. ಒಂದು ಬೆಡ್‌ರೂಮ್, ಒಂದು ಹಾಲ್, 8 ಅಡಿಗೆ 7 ಅಡಿಯ ಅಡುಗೆಮನೆ, ಒಂದು ಬಚ್ಚಲು. ಬಾಡಿಗೆಗೆ ಇರುವವರು ಇಬ್ಬರು. ಹಿಂದಿನ ಮಳೆಗಾಲದಲ್ಲಿ ಬೀರುವಿನ ಹಿಂದೆ, ನೆಲದ ಮೇಲಿನ ಹಾಸಿಗೆಯ ಅಡಿಯಲ್ಲಿ, ಬೆಡ್‌ರೂಮಿನ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿತ್ತು. ಬಟ್ಟೆಗಳು ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಬರುತ್ತಿದ್ದವು.

ಕೆಲಸಕ್ಕೆ ಹಿಡಿದ ಹೊತ್ತು ರೋಹಿಣಿ ಮಳೆ, ಅಂದರೆ ಮೇ ಕೊನೆಯ ವಾರ. ಜೂನ್ ಕೊನೆಯ ಆರಿದ್ರಾ ಮಳೆ ಹಿಡಿದುಕೊಂಡರೆ ಪೇಂಟ್ ಒಣಗುವುದಿಲ್ಲ, ಪ್ಲೈವುಡ್ ತೇವ ಎಳೆದುಕೊಳ್ಳುತ್ತದೆ, ಒಂದು ದಿನದ ಕೆಲಸ ವಾರಕ್ಕೆ ಹೋಗುತ್ತದೆ.

ಮಲೆನಾಡಿನಲ್ಲಿ ಬೂಷ್ಟು ಕಂಡರೆ ಎಲ್ಲರೂ ಹೊರಗಿನ ಮಳೆಯನ್ನೇ ದೂರುತ್ತಾರೆ. ಎಷ್ಟೋ ಮನೆಗಳಲ್ಲಿ ಆ ನೀರು ಬರುವುದು ಒಳಗಿನಿಂದಲೇ. ಒಂದು ಲೆಕ್ಕ ನೋಡಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿರುವ ಗಾಳಿ ಸುಮಾರು 28 ಘನ ಮೀಟರ್. 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಪೂರ್ತಿ ತುಂಬಿದರೂ ಹಿಡಿಯುವ ನೀರಾವಿ ಸುಮಾರು 620 ಗ್ರಾಂ. ಮೆಷಿನ್‌ನಲ್ಲಿ ಹಿಂಡಿ ತೆಗೆದ ಬಟ್ಟೆಯೊಂದಿಗೆ ಇದನ್ನು ಹೋಲಿಸಿ. ಒಣಗಿದ್ದಾಗ 5 ಕಿಲೋ ಇದ್ದ ಬಟ್ಟೆ ಹಿಂಡಿದ ಮೇಲೆ 7 ಕಿಲೋ ತೂಗಿದರೆ ಅದರಲ್ಲಿ 2 ಲೀಟರ್ ನೀರಿದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದನ್ನು ಹರವಿದರೆ ಕೋಣೆಯ ಗಾಳಿ ಹೊರಬಲ್ಲದ್ದಕ್ಕಿಂತ ಮೂರು ಪಟ್ಟು ನೀರು ಹೊರಗೆ ಬರಬೇಕು. ಹೆಚ್ಚಾದದ್ದೆಲ್ಲ ತಣ್ಣಗಿರುವ ಗೋಡೆಗೆ, ಬೀರುವಿನ ಬೆನ್ನಿಗೆ, ಹಾಸಿಗೆಗೆ ಹೋಗಿ ಸೇರುತ್ತದೆ. ಲಗೇಜ್ ತೂಗುವ ಸಣ್ಣ ತಕ್ಕಡಿ ಇದ್ದರೆ ಒಂದು ಸಲ ತೂಗಿ ನೋಡಿ, ಲೆಕ್ಕ ಕಣ್ಣೆದುರೇ ಸಿಗುತ್ತದೆ.

ಅಡುಗೆಯದ್ದೂ ಇದೆ. ಗ್ಯಾಸ್ ಉರಿದಾಗಲೂ ನೀರಾವಿ ಹುಟ್ಟುತ್ತದೆ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಾವಿ, 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು 22ರಿಂದ 23 ಲೀಟರ್. ಕುದಿಯುವ ಅನ್ನ, ಸಾರಿನ ಹಬೆ ಈ ಲೆಕ್ಕಕ್ಕೆ ಸೇರಿಲ್ಲ. ಹೆಂಚಿನ ಮನೆಗಳಲ್ಲಿ ಹೆಂಚಿನ ಸಂದಿಯಿಂದ ಈ ಆವಿ ತಾನಾಗಿ ಹೋಗುತ್ತಿತ್ತು, ಒಲೆಯ ಶಾಖ ಅಟ್ಟವನ್ನೂ ಬೆಚ್ಚಗಿಡುತ್ತಿತ್ತು. ಆರ್‌ಸಿಸಿ ಮನೆಯಲ್ಲಿ ಅದಕ್ಕೆ ದಾರಿ ಮಾಡಿಕೊಡಬೇಕು.

ಮೊದಲ ಎರಡು ದಿನ: ನೀರು ಎಲ್ಲಿಂದ ಎಂದು ಹುಡುಕುವುದು

ಇದನ್ನು ಬಿಟ್ಟು ನೇರ ಪೇಂಟಿಗೆ ಇಳಿದರೆ ದುಡ್ಡು ದಂಡ. ಬೂಷ್ಟು ಹಿಡಿದ ಜಾಗದ ಪಕ್ಕದಲ್ಲಿ, ಕಣ್ಣಿಗೆ ಒಣಗಿದಂತೆ ಕಾಣುವ ಗೋಡೆಯ ಮೇಲೆ, ಒಂದು ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಸಂದಿ ಇಲ್ಲದಂತೆ ಟೇಪ್ ಹಾಕಬೇಕು. ಡಿಸ್ಟೆಂಪರ್ ಗೋಡೆಗೆ ಸೆಲ್ಲೋಟೇಪ್ ಬೇಡ, ಕೀಳುವಾಗ ಬಣ್ಣವೂ ಕಿತ್ತುಬರುತ್ತದೆ. ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಸಾಕು. 48 ಗಂಟೆ ಬಿಟ್ಟು ನೋಡಿ. ಹಾಳೆಯ ಕೋಣೆ ಕಡೆಯ ಮೈಮೇಲೆ ಹನಿ ಕೂತಿದ್ದರೆ ಅದು ಕೋಣೆಯ ಗಾಳಿಯ ನೀರು. ಹಾಳೆಯ ಹಿಂದೆ, ಗೋಡೆ ಕಡೆಗೆ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ.

ಗೋಡೆಯೊಳಗಿನ ನೀರಾದರೆ ಬಾಡಿಗೆದಾರರು ಕೈಹಾಕಬಾರದು, ಅದು ಓನರ್ ಕೆಲಸ. ಒದ್ದೆ ಕಲೆಯ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆದು ಫೋಟೋ ತೆಗೆದಿಡಿ. ವಾರದ ಮೇಲೆ ಇನ್ನೊಂದು ಫೋಟೋ ತೆಗೆಯಿರಿ. ಮಳೆ ಬಂದಾಗ ಮಾತ್ರ ಕಲೆ ಗೆರೆ ದಾಟಿದರೆ ಹೊರಗೋಡೆಯ ಬಿರುಕೋ ತಾರಸಿಯೋ. ಮಳೆ ಇಲ್ಲದಿದ್ದರೂ ಬೆಳೆಯುತ್ತಿದ್ದರೆ ಪೈಪು ಅಥವಾ ಪಕ್ಕದ ಬಚ್ಚಲಿನ ಟೈಲ್ಸ್ ಸಂದಿ. ನೆಲಮಹಡಿಯ ಮನೆಯಲ್ಲಿ ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ತೇವ ಪಾಯದಿಂದ ಏರುತ್ತಿದೆ. ಇಂಥ ಗೋಡೆಗೆ ಒಳಗಡೆಯಿಂದ ವಾಟರ್‌ಪ್ರೂಫ್ ಪೇಂಟ್ ಬಳಿದರೆ ಒಂದೇ ಮಳೆಗಾಲಕ್ಕೆ ಪದರ ಪದರವಾಗಿ ಏಳುತ್ತದೆ, ಏಕೆಂದರೆ ಒಳಗಿನ ನೀರು ಮತ್ತು ಉಪ್ಪು ಹೊರಗೆ ಬರಲು ಅದನ್ನೇ ತಳ್ಳುತ್ತವೆ.

ಈ ಮನೆಯಲ್ಲಿ ಹನಿ ಕೂತದ್ದು ಕೋಣೆ ಕಡೆಗೆ. ಹಾಗಾಗಿ ಮುಂದಿನ ಕೆಲಸವೆಲ್ಲ ಆವಿಯನ್ನು ಹೊರಹಾಕುವುದು.

ಜೊತೆಗೆ ತೇವಾಂಶ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ಒಂದು ಬೇಕು. ಅಗ್ಗದ ಮೀಟರ್‌ಗಳು ಐದು ಹತ್ತು ಅಂಕ ಹೆಚ್ಚುಕಡಿಮೆ ತೋರಿಸುವುದುಂಟು, ಆದ್ದರಿಂದ ತಂದ ದಿನವೇ ಉಪ್ಪಿನಲ್ಲಿ ಪರೀಕ್ಷಿಸಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದ ಬರುವಷ್ಟೇ ಹನಿ ನೀರು ಹಾಕಿ. ಉಪ್ಪು ಕರಗಿ ನೀರಾಗಬಾರದು. ಮುಚ್ಚಳ, ಮೀಟರ್ ಎರಡನ್ನೂ ಜಿಪ್ ಕವರ್‌ನಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದು ಶೇ. 75 ತೋರಿಸಬೇಕು. 80 ತೋರಿಸಿದರೆ ನಿಮ್ಮ ಮೀಟರ್ 5 ಹೆಚ್ಚು ಹೇಳುತ್ತದೆ ಎಂದು ಅದರ ಬೆನ್ನಿಗೇ ಬರೆದು ಅಂಟಿಸಿ. ಗೋಡೆಯ ಮೈಯಲ್ಲಿ ತೇವಾಂಶ ಶೇ. 80ರ ಆಸುಪಾಸಿನಲ್ಲಿ ದಿನಗಟ್ಟಲೆ ನಿಂತರೆ ಬೂಷ್ಟು ಹುಟ್ಟುತ್ತದೆ. ಕೋಣೆಯ ನಡುವೆ 70ರ ಒಳಗೆ ಇಟ್ಟುಕೊಳ್ಳುವುದು ಗುರಿ. ಮೀಟರನ್ನು ಬೀರುವಿನ ಹಿಂದೆಯೂ ಒಂದು ದಿನ ಇಟ್ಟು ನೋಡಿ, ಅಲ್ಲಿನ ಅಂಕಿಯೇ ಬೇರೆ.

ಮೂರನೇ ದಿನ: ಬೂಷ್ಟು ತೊಳೆಯುವುದು

ಒಣ ಬ್ರಷ್‌ನಿಂದ ಉಜ್ಜಬೇಡಿ, ಬೂಷ್ಟಿನ ಪುಡಿ ಮನೆಯೆಲ್ಲ ಹಾರುತ್ತದೆ. ಮೂಗಿಗೆ ಎನ್-95 ಮಾಸ್ಕ್, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಕಿಟಕಿ ತೆರೆಯಿರಿ. ಆಸ್ತಮಾ ಇರುವವರು ಆ ದಿನ ಮನೆಯಲ್ಲಿರದಿದ್ದರೆ ಒಳ್ಳೆಯದು. ಮೊದಲು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ ಒರೆಸಿ. ಆಮೇಲೆ ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ತಣ್ಣೀರು ಬೆರೆಸಿ, ಸ್ಪಂಜಿನಿಂದ ಹಚ್ಚಿ, 10ರಿಂದ 15 ನಿಮಿಷ ಬಿಟ್ಟು, ಚೊಕ್ಕ ಒದ್ದೆ ಬಟ್ಟೆಯಿಂದ ತೆಗೆದು ಫ್ಯಾನ್ ಹಾಕಿ ಒಣಗಿಸಿ. ಬಣ್ಣದ ಗೋಡೆಯಾದರೆ ಬೀರು ಮುಚ್ಚುವ ಜಾಗದಲ್ಲಿ ಒಂದು ಅಂಗೈ ಅಗಲ ಹಚ್ಚಿ ನೋಡಿಕೊಳ್ಳಿ, ಬ್ಲೀಚ್ ಬಣ್ಣ ಕಳೆಯಬಹುದು. ಡಿಸ್ಟೆಂಪರ್ ಮೇಲೆ ತಿಕ್ಕಬಾರದು, ಒತ್ತಿ ಎತ್ತಬೇಕು.

ಟಾಯ್ಲೆಟ್ ತೊಳೆಯುವ ಆ್ಯಸಿಡ್ ಆಗಲಿ, ವಿನೆಗರ್ ಆಗಲಿ ಬ್ಲೀಚ್‌ಗೆ ತಾಕಬಾರದು. ಎರಡರಲ್ಲಿ ಯಾವುದು ಬ್ಲೀಚ್ ಜೊತೆ ಸೇರಿದರೂ ಕ್ಲೋರಿನ್ ಅನಿಲ ಬರುತ್ತದೆ, ಸಣ್ಣ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಮರದ ಬೀರುವಿನ ಬೆನ್ನಿಗೆ ಬ್ಲೀಚ್ ಬೇಡವೇ ಬೇಡ. ಅಲ್ಲಿಗೆ ಬಿಳಿ ವಿನೆಗರ್ ಹಾಗೆಯೇ ಹಚ್ಚಿ, ಒಂದು ಗಂಟೆ ಬಿಟ್ಟು ಒರೆಸಿ. ಗೋಡೆಗೆ ಬ್ಲೀಚ್ ಬಳಸಿದ ದಿನ ವಿನೆಗರ್ ಬಾಟಲಿ ತೆಗೆಯಬೇಡಿ, ಮಾರನೇ ದಿನ ಮಾಡಿ.

ನಾಲ್ಕು ಮತ್ತು ಐದನೇ ದಿನ: ಫ್ಯಾನಿನ ಹಲಗೆ

ಅಡುಗೆಮನೆಯ ಮೇಲ್ಗಡೆ 24 ಇಂಚು ಅಗಲ, 18 ಇಂಚು ಎತ್ತರದ ವೆಂಟಿಲೇಟರ್ ಇತ್ತು. ಒಳಗೆ ಅಡ್ಡಗಾಜಿನ ಪಟ್ಟಿಗಳು, ಹೊರಗೆ ಕಬ್ಬಿಣದ ಸರಳು. ಪೂರ್ವಕ್ಕೆ ಮುಖ. ಇದು ಅದೃಷ್ಟ, ಏಕೆಂದರೆ ನಮ್ಮ ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಪಶ್ಚಿಮದ ವೆಂಟಿಲೇಟರ್‌ಗೆ ಸಣ್ಣ ಫ್ಯಾನ್ ಹಾಕಿದರೆ ಗಾಳಿ ಅದರ ಬಾಯಿಗೇ ಹೊಡೆದು ಎರಚಲು ಒಳಬರುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಕೆಳಮುಖದ ಟೋಪಿ ಇರುವ ಫ್ಯಾನ್ ತನ್ನಿ.

ಕೆಲಸಕ್ಕೆ ಮೊದಲು ಓನರ್‌ಗೆ ವೆಂಟಿಲೇಟರ್‌ನ ಫೋಟೋ ಕಳಿಸಿ, "ಗಾಜು ತೆಗೆದು ಜೋಪಾನವಾಗಿ ಇಡುತ್ತೇವೆ, ಗೋಡೆಗೆ ತೂತು ಹೊಡೆಯುವುದಿಲ್ಲ, ಖಾಲಿ ಮಾಡುವಾಗ ಮೊದಲಿನಂತೆ ಹಾಕಿಕೊಡುತ್ತೇವೆ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಒಪ್ಪಿಗೆ ಪಡೆಯಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಮನೆಯನ್ನು ಪಡೆದ ಸ್ಥಿತಿಯಲ್ಲೇ ಬಿಟ್ಟುಕೊಡುವುದಾದರೆ ಬಾಡಿಗೆದಾರರು ತಾವು ಅಳವಡಿಸಿದ್ದನ್ನು ತೆಗೆದುಕೊಂಡು ಹೋಗಬಹುದು. ಆದರೆ ಕರಾರಿನಲ್ಲಿ ಬೇರೆ ಬರೆದಿದ್ದರೆ ಕರಾರಿನ ಮಾತೇ ನಡೆಯುತ್ತದೆ, ಅದನ್ನು ಓದಿಕೊಳ್ಳಿ.

ತಂದ ಸಾಮಾನು: 150 ಮಿ.ಮೀ. ಎಕ್ಸಾಸ್ಟ್ ಫ್ಯಾನ್, ಹಿಂದೆ ತಾನಾಗಿ ಮುಚ್ಚಿಕೊಳ್ಳುವ ರೆಕ್ಕೆ ಇರುವಂಥದ್ದು; 12 ಮಿ.ಮೀ. ದಪ್ಪದ ವಾಟರ್‌ಪ್ರೂಫ್ ಪ್ಲೈವುಡ್ ತುಂಡು, ಶೀಟ್ ಮನೆಗೆ ಬಳಸುವ, ತುದಿ ಕೊಂಡಿಯಂತೆ ಬಾಗಿದ ಜೆ ಬೋಲ್ಟ್ ನಾಲ್ಕು, ಜೊತೆಗೆ ರಬ್ಬರ್ ವಾಷರ್, ಫೋಮ್ ಟೇಪ್, ಕಾಲು ಲೀಟರ್ ಎನಾಮೆಲ್ ಪೇಂಟ್, ಅರ್ಥ್ ಸೇರಿ ಮೂರು ತಂತಿಯ 0.75 ಚದರ ಮಿ.ಮೀ. ವೈರ್, 6 ಆಂಪಿಯರ್‌ನ ಮೂರು ಪಿನ್ ಪ್ಲಗ್. ಪ್ಲೈವುಡ್ ಪೂರ್ತಿ ಹಾಳೆ ಕೊಳ್ಳಬೇಡಿ, ಮರಗೆಲಸದವರ ಹತ್ತಿರ ತುಂಡು ಸಿಗುತ್ತದೆ. ತೂತಿನ ಅಳತೆ ಕೊಟ್ಟರೆ ಅವರೇ ಜಿಗ್‌ಸಾದಲ್ಲಿ ಕೊಯ್ದೂ ಕೊಡುತ್ತಾರೆ.

ಅಳತೆಯಲ್ಲಿ ಮೊದಲ ತಪ್ಪಾಯಿತು. ಚೌಕಟ್ಟಿನ ಒಳ ಅಳತೆಗೆ ಸರಿಯಾಗಿ ಕೊಯ್ಸಿದ ಹಲಗೆ ಒಳಗೆ ಹೋಗಲಿಲ್ಲ. ಗಾರೆಯ ಚೌಕಟ್ಟು ಎಂದೂ ಮೂಲೆಮಟ್ಟ ಇರುವುದಿಲ್ಲ, ಪೇಂಟಿನ ಪದರಗಳೂ ಸೇರಿರುತ್ತವೆ. ಅಗಲ, ಎತ್ತರ ಎರಡನ್ನೂ ಮೂರು ಕಡೆ ಅಳೆದು, ಅತಿ ಚಿಕ್ಕ ಅಳತೆಯಿಂದ 6 ಮಿ.ಮೀ. ಕಳೆದು ಕೊಯ್ಸಬೇಕು. ಸುತ್ತ ಉಳಿಯುವ 3 ಮಿ.ಮೀ. ಸಂದಿಯನ್ನು ಫೋಮ್ ಟೇಪ್ ತುಂಬುತ್ತದೆ. ಫ್ಯಾನಿನ ತೂತಿಗೆ ಡಬ್ಬಿಯ ಮೇಲಿನ 150 ಎಂಬ ಅಂಕಿ ನಂಬಬೇಡಿ, ಅದು ತಿರುಗುವ ರೆಕ್ಕೆಯ ಅಳತೆ. ಫ್ಯಾನಿನ ಹಿಂಭಾಗದ ಕೊಳವೆಯನ್ನು ಹಲಗೆ ಮೇಲಿಟ್ಟು ಪೆನ್ಸಿಲ್‌ನಲ್ಲಿ ಸುತ್ತುಹಾಕಿ, ಅದಕ್ಕಿಂತ 3 ಮಿ.ಮೀ. ಹೊರಗೆ ಕೊಯ್ಯಿರಿ.

ಕೊಯ್ದ ಅಂಚುಗಳೇ ಪ್ಲೈವುಡ್‌ನ ಸಾವು. ಮುಖಕ್ಕೆ ಒಂದು ಕೋಟ್ ಸಾಕಾದರೆ ಅಂಚಿಗೂ ತೂತಿನ ಒಳಗೋಡೆಗೂ ಮೂರು ಕೋಟ್ ಎನಾಮೆಲ್ ಬೇಕು. ಉಪ್ಪುಕಾಗದ ಹಾಕಿ, ಧೂಳು ಒರೆಸಿ, ಒಂದೊಂದು ಕೋಟಿನ ನಡುವೆ ಒಂದು ರಾತ್ರಿ ಬಿಡಿ. ಒಣಗಲು ಕಾಯುವ ಈ ಹೊತ್ತು ಇಲ್ಲಿನ ದಿನಗಳ ಲೆಕ್ಕಕ್ಕೆ ಸೇರಿಲ್ಲ. ಬೋಲ್ಟಿನ ತೂತುಗಳನ್ನು ಪೇಂಟ್ ಹಚ್ಚುವ ಮೊದಲೇ ಕೊರೆಯಬೇಕು, ಆಮೇಲೆ ಕೊರೆದರೆ ಆ ತೂತಿನಿಂದಲೇ ನೀರು ಕುಡಿಯುತ್ತದೆ.

ಕೂರಿಸುವ ಬಗೆ ಹೀಗೆ. ಗಾಜಿನ ಪಟ್ಟಿಗಳನ್ನು ಹಿಡಿದ ತಗಡಿನ ನಾಲಿಗೆ ಎತ್ತಿ ಒಂದೊಂದಾಗಿ ಎಳೆದು, ಮಾರ್ಕರ್‌ನಲ್ಲಿ ಮೇಲಿನಿಂದ 1, 2, 3 ಎಂದು ಬರೆದು, ಪೇಪರ್ ಸುತ್ತಿ ಅದೇ ಮನೆಯ ಅಟ್ಟದ ಮೇಲಿಡಿ. ಹಲಗೆಯ ನಾಲ್ಕು ತೂತಿಗೆ ಜೆ ಬೋಲ್ಟ್‌ಗಳನ್ನು ಕೊಂಡಿ ಹೊರಗಡೆಗೆ ಬರುವಂತೆ ತೂರಿಸಿ, ಒಳಗಡೆಯಿಂದ ನಟ್ ಎರಡು ಸುತ್ತು ಮಾತ್ರ ಹಾಕಿ. ಹಲಗೆಯನ್ನು ಚೌಕಟ್ಟಿಗೆ ಹಿಡಿದು ಒಂದೊಂದು ಕೊಂಡಿಯನ್ನೂ ಸರಳಿಗೆ ಸಿಕ್ಕಿಸಿ, ಆಮೇಲೆ ನಟ್‌ಗಳನ್ನು ಕರ್ಣದ ಜೋಡಿಯಲ್ಲಿ ಬಿಗಿಯಿರಿ. ಹಲಗೆ ಸರಳಿನ ಕಡೆಗೆ ಎಳೆದು ಕೂರುತ್ತದೆ, ಗೋಡೆಗೆ ಏನೂ ಆಗುವುದಿಲ್ಲ. ಎರಡನೇ ಮಹಡಿಯಾದ್ದರಿಂದ ಸ್ಪ್ಯಾನರ್‌ಗೂ ಬೋಲ್ಟ್‌ಗಳಿಗೂ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳಿ, ಕೆಳಗೆ ಜನ ಓಡಾಡುತ್ತಾರೆ. ಇಬ್ಬರು ಬೇಕು, ಗಟ್ಟಿ ಏಣಿ ಬೇಕು. ಪ್ಲಾಸ್ಟಿಕ್ ಕುರ್ಚಿ ಮೇಲೆ ಕುರ್ಚಿ ಹಾಕುವ ಕೆಲಸವಲ್ಲ.

ಎರಡನೇ ತೊಂದರೆ ಇಲ್ಲಿ ಸಿಕ್ಕಿತು. ಫ್ಯಾನ್ ಓಡಿಸಿದರೆ ಸದ್ದು ಬಹಳ, ಗಾಳಿ ಕಡಿಮೆ. ಹಿಂದಿನ ರೆಕ್ಕೆಗಳು ಸರಳಿಗೆ ತಾಗಿ ಅರ್ಧ ಮಾತ್ರ ತೆರೆಯುತ್ತಿದ್ದವು. ಓನರ್‌ನ ಸರಳು ಕೊಯ್ಯುವ ಮಾತೇ ಇಲ್ಲ. ಹಲಗೆಯನ್ನೇ ಒಳಕ್ಕೆ ತರಲು ಚೌಕಟ್ಟಿನ ಒಳಸುತ್ತಿಗೆ ಒಂದೂವರೆ ಇಂಚಿನ ಮರದ ಪಟ್ಟಿ (ರೀಪರ್) ಕೂರಿಸಿ, ಅಷ್ಟೇ ಉದ್ದ ಹೆಚ್ಚಿರುವ ಜೆ ಬೋಲ್ಟ್ ಬದಲಾಯಿಸಿದ ಮೇಲೆ ಸರಿಹೋಯಿತು. ಬೋಲ್ಟ್ ಕೊಳ್ಳುವ ಮೊದಲೇ ಫ್ಯಾನಿನ ಹಿಂಭಾಗ ಎಷ್ಟು ಚಾಚುತ್ತದೆ, ರೆಕ್ಕೆ ತೆರೆದಾಗ ಇನ್ನೆಷ್ಟು ಎಂದು ಅಳೆದಿದ್ದರೆ ಈ ಎರಡನೇ ಸುತ್ತು ಉಳಿಯುತ್ತಿತ್ತು.

ಸಂದಿಗೆ ಸಿಲಿಕೋನ್ ಅಂಟು ಬಳಿಯಬೇಡಿ. ಕಿತ್ತ ಮೇಲೂ ಅದರ ಜಿಡ್ಡು ಗೋಡೆಯಲ್ಲಿ ಉಳಿಯುತ್ತದೆ, ಅದರ ಮೇಲೆ ಪೇಂಟ್ ಹಿಡಿಯುವುದಿಲ್ಲ, ಖಾಲಿ ಮಾಡುವ ದಿನ ಅದೇ ಜಗಳವಾಗುತ್ತದೆ. ಫೋಮ್ ಟೇಪ್ ಸಾಕು. ಕೆಳಗಿನ ಅಂಚಿನಲ್ಲಿ ಮಾತ್ರ ಎರಡು ಕಡೆ 5 ಮಿ.ಮೀ. ಟೇಪ್ ಬಿಟ್ಟು, ಹಲಗೆಯ ಕೆಳಭಾಗ ಕೂದಲೆಳೆಯಷ್ಟು ಹೊರಕ್ಕೆ ವಾಲುವಂತೆ ಬಿಗಿದರೆ ಎರಚಲಿನ ನೀರು ಹೊರಗೇ ಇಳಿಯುತ್ತದೆ.

ವೈರಿಂಗ್‌ಗೆ ಗೋಡೆ ಒಡೆಯುವುದೂ ಬೇಡ, ಸ್ವಿಚ್‌ಬೋರ್ಡ್ ಬಿಚ್ಚುವುದೂ ಬೇಡ. ವೈರನ್ನು ಪ್ಲಗ್‌ಗೆ ಜೋಡಿಸಿ ಇರುವ 6 ಆಂಪಿಯರ್ ಸಾಕೆಟ್‌ಗೆ ಹಾಕಿ. ಲೋಹದ ಮೈಯ ಫ್ಯಾನ್ ಆದರೆ ಅರ್ಥ್ ತಂತಿ ಕಡ್ಡಾಯ. ಫ್ಯಾನಿನಿಂದ ಇಳಿಯುವ ವೈರ್ ಸಾಕೆಟ್‌ಗಿಂತ ಕೆಳಗೆ ಒಮ್ಮೆ ಬಾಗಿ ಆಮೇಲೆ ಮೇಲೆ ಬರಲಿ, ವೈರ್ ಗುಂಟ ಇಳಿದ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ಒಳಗೆ ಹೋಗುವುದಿಲ್ಲ.

ಆರನೇ ದಿನ: ಗಾಳಿಯ ದಾರಿ

ಮನೆಯೆಲ್ಲ ಮುಚ್ಚಿ ಫ್ಯಾನ್ ಹಾಕಿದರೆ ಅದು ಸುಮ್ಮನೆ ತಿರುಗುತ್ತದೆ. ಹೊರಗೆ ಹೋಗುವಷ್ಟೇ ಗಾಳಿ ಒಳಬರಬೇಕು. ದೂರದ ಕೋಣೆಯ, ಅಂದರೆ ಬೆಡ್‌ರೂಮಿನ, ಸಜ್ಜಾ ಇರುವ ಕಿಟಕಿಯನ್ನು ಎರಡು ಇಂಚು ತೆರೆದು, ಅಡುಗೆಮನೆಯ ಕಿಟಕಿ ಮುಚ್ಚಿ. ಅಡುಗೆಮನೆಯ ಕಿಟಕಿ ತೆರೆದಿದ್ದರೆ ಫ್ಯಾನ್ ಅಲ್ಲಿಂದಲೇ ಎಳೆದು ಅಲ್ಲಿಂದಲೇ ಬಿಡುತ್ತದೆ, ಬೆಡ್‌ರೂಮಿನ ಗಾಳಿ ಕದಲುವುದಿಲ್ಲ. ಊದುಬತ್ತಿ ಹಚ್ಚಿ ಬೆಡ್‌ರೂಮಿನ ಬಾಗಿಲಲ್ಲಿ ಹಿಡಿದು ನೋಡಿ. ಹೊಗೆ ಅಡುಗೆಮನೆ ಕಡೆ ಬಾಗಿದರೆ ದಾರಿ ಸರಿಯಾಗಿದೆ.

ಹೊರಗೆ ಮಳೆ ಸುರಿಯುತ್ತಿರುವಾಗ ಆ ಒದ್ದೆ ಗಾಳಿಯನ್ನೇ ಒಳಗೆ ಬಿಟ್ಟುಕೊಂಡರೆ ಏನು ಲಾಭ ಎಂದು ಕೇಳುವವರಿದ್ದಾರೆ. ಲಾಭ ಇದೆ. 20 ಡಿಗ್ರಿಯ, ಶೇ. 95 ತೇವಾಂಶದ ಹೊರಗಾಳಿಯಲ್ಲಿ ಘನ ಮೀಟರ್‌ಗೆ ಸುಮಾರು 16.5 ಗ್ರಾಂ ನೀರಿರುತ್ತದೆ. ಅದು ಒಳಗೆ ಬಂದು 24 ಡಿಗ್ರಿಗೆ ಬೆಚ್ಚಗಾದರೆ ಅದರ ತೇವಾಂಶ ಶೇ. 75ರ ಹತ್ತಿರಕ್ಕೆ ಇಳಿಯುತ್ತದೆ. ಒಳಗೆ ಶೇ. 90 ಇದ್ದರೆ ಪ್ರತಿ ಘನ ಮೀಟರ್ ಬದಲಾದಾಗಲೂ ಸುಮಾರು 3 ಗ್ರಾಂ ನೀರು ಹೊರಗೆ ಹೋಗುತ್ತದೆ. ಡಬ್ಬಿಯಲ್ಲಿ ಗಂಟೆಗೆ 250 ಘನ ಮೀಟರ್ ಎಂದಿದ್ದರೆ ಸರಳು, ರೆಕ್ಕೆಗಳ ಅಡ್ಡಿ ಕಳೆದು ಅರ್ಧ ಹಿಡಿಯೋಣ, ಗಂಟೆಗೆ ಸುಮಾರು 400 ಗ್ರಾಂ. ಎರಡು ಲೀಟರ್ ನೀರಿನ ಬಟ್ಟೆಗೆ ಐದು ಗಂಟೆ. 30 ವಾಟ್‌ನ ಫ್ಯಾನ್ ಐದು ಗಂಟೆ ಓಡಿದರೆ 0.15 ಯೂನಿಟ್. ಆದರೆ ಒಳಗೂ ಹೊರಗೂ ಒಂದೇ ಚಳಿ ಇರುವ ಪುನರ್ವಸು, ಪುಷ್ಯ ಮಳೆಯ, ಅಂದರೆ ಜುಲೈ ತಿಂಗಳಿನ, ದಿನಗಳಲ್ಲಿ ಈ ಲಾಭ ಬಹಳ ಕಡಿಮೆಯಾಗುತ್ತದೆ. ಆ ದಿನಗಳಲ್ಲಿ ಅಡುಗೆ, ಸ್ನಾನದ ಹೊತ್ತಿಗೆ ಮತ್ತು ಆಮೇಲಿನ ಅರ್ಧ ಗಂಟೆಗೆ ಫ್ಯಾನ್ ಹಾಕಿ. ದೊಡ್ಡ ಒಗೆತವನ್ನು ಹೊಳವಾದ ದಿನಕ್ಕೆ ಮುಂದೂಡಿ.

ಬಟ್ಟೆಯ ಸ್ಟ್ಯಾಂಡ್ ಹಾಲ್‌ನಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ ನಿಲ್ಲಿಸಿ, ಬೆಡ್‌ರೂಮಿನಲ್ಲಿ ಬೇಡ. ಮೆಷಿನ್‌ನಲ್ಲಿ ಇನ್ನೊಂದು ಸಲ ಸ್ಪಿನ್ ಮಾಡಿದರೆ ಅಷ್ಟು ನೀರು ಗಾಳಿಗೆ ಹೋಗುವುದು ತಪ್ಪುತ್ತದೆ. ಬಟ್ಟೆ ಬಟ್ಟೆಯ ನಡುವೆ ಒಂದು ಅಂಗೈ ಸಂದಿ ಇರಲಿ, ಜೀನ್ಸನ್ನು ಒಳಗು ಹೊರಗು ಮಾಡಿ ಸೊಂಟದ ಕಡೆಯಿಂದ ಕೊಳವೆಯಂತೆ ತೆರೆದು ನೇತುಹಾಕಿ.

ಒಂದು ವಿಷಯದಲ್ಲಿ ರಾಜಿ ಇಲ್ಲ. ಗ್ಯಾಸ್ ಗೀಸರ್ ಬಚ್ಚಲ ಒಳಗಿದ್ದರೆ ಅದನ್ನು ಬಳಸಬೇಡಿ; ಅದು ಗಾಳಿಯಾಡುವ ಹೊರಜಾಗದಲ್ಲಿರಬೇಕು. ಮುಚ್ಚಿದ ಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಓಡಿದರೆ ಗೀಸರ್‌ನ ಹೊಗೆ ಹೊರಗೆ ಹೋಗುವ ಬದಲು ಒಳಗೆ ತಿರುಗಬಹುದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆಸುತ್ತು ಬಂದಾಗ ಎದ್ದು ಬಾಗಿಲು ತೆರೆಯುವ ಶಕ್ತಿಯೂ ಇರುವುದಿಲ್ಲ. ಚಳಿಗೆಂದೋ ಬಟ್ಟೆ ಒಣಗಲೆಂದೋ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದೂ ಇದೇ ಅಪಾಯ.

ಏಳನೇ ದಿನ: ಬೀರು, ಹಾಸಿಗೆ

ಬೀರುವನ್ನು ಗೋಡೆಯಿಂದ ಮೂರು ಇಂಚು ಮುಂದೆ ತಂದು, ಮತ್ತೆ ಹಿಂದೆ ಸರಿಯದಂತೆ ಎರಡು ಮರದ ತುಂಡು ಇಟ್ಟರೆ ಮುಗಿಯಿತು. ಮೂಲೆಗೆ, ಅದರಲ್ಲೂ ಎರಡು ಹೊರಗೋಡೆ ಸೇರುವ ಮೂಲೆಗೆ ಬೀರು ಬೇಡ, ಮನೆಯಲ್ಲಿ ಅತಿ ತಣ್ಣಗಿನ ಜಾಗ ಅದೇ.

ಹಾಸಿಗೆಯನ್ನು ಟೈಲ್ಸ್ ಮೇಲೆ ನೇರ ಹಾಕಿದರೆ ಮೈಯ ಬೆವರಿನ ಆವಿ ಕೆಳಗಿಳಿದು ತಣ್ಣನೆ ಟೈಲ್ಸ್‌ಗೆ ತಾಗಿ ನೀರಾಗುತ್ತದೆ. ಉಳಿದ ರೀಪರ್‌ಗಳನ್ನು ಮೂರು ಇಂಚು ಅಂತರದಲ್ಲಿ ಎರಡು ಅಡ್ಡಪಟ್ಟಿಗೆ ಸ್ಕ್ರೂ ಮಾಡಿದರೆ ಅಡಿಯಲ್ಲಿ ಗಾಳಿಯಾಡುವ ಚೌಕಟ್ಟು ಸಿದ್ಧ. ಅದೂ ಆಗದಿದ್ದರೆ ದಿನಾ ಬೆಳಿಗ್ಗೆ ಹಾಸಿಗೆ ಎತ್ತಿ ಒಳಗೋಡೆಗೆ ಒರಗಿಸಿ.

ಸರ್ಟಿಫಿಕೇಟ್, ಪಾಸ್‌ಪೋರ್ಟ್, ಕ್ಯಾಮೆರಾಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಇಡಿ. ಕಿತ್ತಳೆ ಬಣ್ಣದ್ದನ್ನೇ ಕೇಳಿ ತನ್ನಿ. ನೀಲಿ ಬಣ್ಣದ್ದರಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ತೇವ ಹೀರಿದ ಮೇಲೆ ಒಣಗಿಸಲೆಂದು ಅದನ್ನು ಅಡುಗೆಯ ಕಾವಲಿ ಮೇಲೆ ಬಿಸಿಮಾಡಬಾರದು. ಬೀರುವಿನೊಳಗೆ ಇಡುವ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಒಳ್ಳೆಯವೇ, ಆದರೆ ಬೀರುವಿನ ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಮಾತ್ರ. ತಳದಲ್ಲಿ ಕೂಡುವ ನೀರು ಚೆಲ್ಲಿದರೆ ಚರ್ಮವೂ ಕಬ್ಬಿಣವೂ ಕೆಡುತ್ತವೆ, ಆದ್ದರಿಂದ ಅದನ್ನು ಕೆಳಗಿನ ಅರೆಯಲ್ಲಿ, ತಟ್ಟೆಯೊಳಗೆ ಇಡಿ.

ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಫ್ಯಾನಿನ ರೆಕ್ಕೆಯ ಎಣ್ಣೆಜಿಡ್ಡನ್ನು ಸೋಪಿನ ನೀರಿನ ಬಟ್ಟೆಯಿಂದ ಒರೆಸಿ. ಜಿಡ್ಡು ಕಟ್ಟಿದರೆ ಹಿಂದಿನ ರೆಕ್ಕೆ ಪೂರ್ತಿ ಮುಚ್ಚದೆ ಎರಚಲು ಒಳಬರುತ್ತದೆ. ಜೆ ಬೋಲ್ಟಿನ ನಟ್‌ಗಳನ್ನೂ ಆಗ ಒಮ್ಮೆ ಮುಟ್ಟಿ ನೋಡಿ, ಫ್ಯಾನಿನ ಅದುರಿಗೆ ಮೊದಲ ತಿಂಗಳು ಸ್ವಲ್ಪ ಸಡಿಲಾಗುತ್ತವೆ.

ಮನೆ ಖಾಲಿ ಮಾಡುವ ದಿನ ನಟ್ ಬಿಚ್ಚಿ, ಹಲಗೆ ಇಳಿಸಿ, ಫೋಮ್ ಟೇಪಿನ ಅಂಟನ್ನು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಸೋಪಿನ ನೀರಿನಲ್ಲಿ ಇನ್ನೊಮ್ಮೆ ತೊಳೆಯಿರಿ. ಗಾಜಿನ ಪಟ್ಟಿಗಳನ್ನು ಅಟ್ಟದಿಂದ ಇಳಿಸಿ ಬರೆದಿಟ್ಟ ಅಂಕಿಯಂತೆ ಕೆಳಗಿನಿಂದ ಮೇಲಕ್ಕೆ ತೂರಿಸಬೇಕು. ಮೇಲಿನ ಪಟ್ಟಿಯ ಅಂಚು ಕೆಳಗಿನದರ ಹೊರಗಡೆಗೆ ಬರಲಿ, ಇಲ್ಲದಿದ್ದರೆ ಮಳೆನೀರು ಒಳಗೆ ಇಳಿಯುತ್ತದೆ. ತಗಡಿನ ನಾಲಿಗೆಗಳನ್ನು ಮಡಿಸುವಾಗ ಇಕ್ಕಳ ಬೇಡ, ಹಳೆಯ ತಗಡು ಮುರಿಯುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಸಾಕು.